ರೋಲರ್ ಊದಿಕೊಳ್ಳುತ್ತಿದ್ದ ಕಾಲ

ಪ್ರೆಸ್ಸಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಅಚ್ಚುಮೊಳೆಯ ವಿಷಯವನ್ನೇ ಕೇಳುತ್ತಾರೆ. ಒಂದೊಂದೇ ಅಕ್ಷರ ಹೇಗೆ ಜೋಡಿಸುತ್ತಿದ್ದಿರಿ, ತಿರುಗುಮುರುಗಾದ ಅಕ್ಷರ ಹೇಗೆ ಓದುತ್ತಿದ್ದಿರಿ, ಕಣ್ಣು ನೋಯುತ್ತಿರಲಿಲ್ಲವೇ ಎಂದೆಲ್ಲ. ಮೊಳೆ ಜೋಡಿಸುವುದು ಕಲಿತರೆ ಬರುವ ಕೆಲಸ. ಮೊಳೆ ಸೀಸದ್ದು, ಇಟ್ಟಲ್ಲಿ ಇರುತ್ತದೆ. ಇಟ್ಟಲ್ಲಿ ಇಟ್ಟ ಹಾಗೆ ಇರದೆ, ದಿನಕ್ಕೊಂದು ಗುಣ ತೋರಿಸಿ ನನ್ನ ಆಯುಷ್ಯದ ಒಂದು ಪಾಲನ್ನು ತಿಂದದ್ದು ರೋಲರ್. ಅದರ ಬಗ್ಗೆ ಇದುವರೆಗೆ ಯಾರೂ ಕೇಳಲಿಲ್ಲ. ಆದ್ದರಿಂದ ನಾನೇ ಬರೆದಿಡುತ್ತಿದ್ದೇನೆ.

ನಾನು ತರೀಕೆರೆಯ ಒಂದು ಪ್ರೆಸ್ಸಿಗೆ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ. ಕಡೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನಿಗೆ ರಾಗಿ ಹೊಲವೂ ಒಂದಿಷ್ಟು ತೆಂಗಿನಮರವೂ ಇದ್ದವು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಎರಡು ಸಲ ಕೈಕೊಟ್ಟ ಮೇಲೆ ಹೊಲಕ್ಕೆ ಹೋಗೆಂದರು. ಹೊಲದಲ್ಲಿ ನನ್ನ ಕೆಲಸ ನೋಡಿದ ಮೇಲೆ ಪ್ರೆಸ್ಸಿಗೇ ಹೋಗೆಂದರು.

ಪ್ರೆಸ್ಸಿನ ಯಜಮಾನಿ ಸೀತಮ್ಮನವರು. ಗಂಡ ತೀರಿಕೊಂಡ ಮೇಲೆ ಬಾಗಿಲು ಹಾಕುತ್ತಾರೆಂದು ಊರೆಲ್ಲ ಕಾಯುತ್ತಿದ್ದಾಗ, ಅವರು ಕನ್ನಡಕ ಹಾಕಿಕೊಂಡು ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಪ್ರೂಫ್ ತಿದ್ದಲು ಶುರುಮಾಡಿದರು. ಮಷಿನ್ನಿನ ಒಂದು ತಿರುಪೂ ಅವರಿಗೆ ಗೊತ್ತಿರಲಿಲ್ಲ. ಆದರೆ ಅದರ ಸದ್ದು ಚೂರು ಬದಲಾದರೂ ಕೂತಲ್ಲಿಂದಲೇ ತಲೆ ಎತ್ತುತ್ತಿದ್ದರು. ಇದ್ದದ್ದು ಕಾಲಿನಿಂದ ತುಳಿಯುವ ಒಂದೇ ಒಂದು ಟ್ರೆಡಲ್ ಮಷಿನ್. ಅದನ್ನು ನೋಡಿಕೊಳ್ಳುತ್ತಿದ್ದವರು ಗೌಸ್ ಸಾಬರು. ಬಿಳಿ ಗಡ್ಡ, ಕರಿ ಬೆರಳು. ನಾನು ಅವರ ಕೈಕೆಳಗೆ.

ಟ್ರೆಡಲ್ಲಿನಲ್ಲಿ ಮೂರು ರೋಲರ್ ಇರುತ್ತಿದ್ದವು. ಮಸಿಯ ತಟ್ಟೆಯ ಮೇಲೆ ಉರುಳಿ ಮಸಿ ಹತ್ತಿಸಿಕೊಂಡು, ಕೆಳಗಿಳಿದು ಮೊಳೆಗಳ ಮುಖಕ್ಕೆ ಹಚ್ಚಿ, ಮತ್ತೆ ಮೇಲೆ ಹೋಗುವುದು ಅವುಗಳ ಕೆಲಸ. ಈಗಿನ ಹಾಗೆ ರಬ್ಬರಿನದಲ್ಲ. ಬಡಗಿಗಳು ಕುರ್ಚಿಯ ಕಾಲು ಅಂಟಿಸಲು ಕಾಸುತ್ತಾರಲ್ಲ, ಆ ಸರೇಸು. ಅದನ್ನು ನೀರಿನಲ್ಲಿ ನೆನೆಹಾಕಿ, ನೆನೆದು ಊದಿಕೊಂಡ ಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಜೋನಿಬೆಲ್ಲ ಬೆರೆಸಿ, ಕಬ್ಬಿಣದ ಸರಳು ನಿಲ್ಲಿಸಿದ ಹಿತ್ತಾಳೆಯ ಕೊಳವೆಗೆ ಹುಯ್ಯುವುದು. ಮಾರನೆಯ ದಿನ ಎಳೆದರೆ ರೋಲರ್ ಹೊರಗೆ ಬರುತ್ತಿತ್ತು. ನೋಡಲು ಥೇಟು ಹಲ್ವ. ವಾಸನೆ ಮಾತ್ರ ಹಲ್ವದ್ದಲ್ಲ. ಚರ್ಮ, ಮೂಳೆ ಬೇಯಿಸಿ ಮಾಡುವ ಸರೇಸಿನ ವಾಸನೆ ಅಡುಗೆಮನೆಗೆ ಬರಬಾರದೆಂದು ಸೀತಮ್ಮನವರು ಹಿತ್ತಲಿನ ಕೊನೆಯಲ್ಲಿ ನಮಗೆ ಬೇರೆ ಒಲೆ ಹಾಕಿಸಿಕೊಟ್ಟಿದ್ದರು.

ಗೌಸ್ ಸಾಬರ ಮೊದಲ ಪಾಠ ಕಿವಿಯದ್ದು. ನನ್ನ ಕಿವಿಯ ತುದಿಯನ್ನು ನನ್ನ ಕೈಯಿಂದಲೇ ಹಿಡಿಸಿ, ರೋಲರ್ ಇಷ್ಟು ಮೆತ್ತಗಿರಬೇಕು, ಇದಕ್ಕಿಂತ ಹೆಚ್ಚಲ್ಲ, ಕಮ್ಮಿಯಲ್ಲ ಎಂದರು. ಬೆರಳಿಂದ ಒತ್ತಿದರೆ ತಗ್ಗಬೇಕು, ಬಿಟ್ಟರೆ ಮೇಲೇಳಬೇಕು. ಅಂಗೈ ಇಟ್ಟರೆ ಹಿಡಿದುಕೊಳ್ಳಬೇಕು, ಆದರೆ ಎಳೆದರೆ ಬಿಡಬೇಕು. ಗಟ್ಟಿಯಾದರೆ ಮಸಿ ಹಿಡಿಯುವುದಿಲ್ಲ, ಮೆತ್ತಗಾದರೆ ಮಸಿಯನ್ನು ಅಕ್ಷರದ ಹೊಟ್ಟೆಯೊಳಕ್ಕೇ ತುಂಬಿಬಿಡುತ್ತದೆ. ಆವತ್ತಿನಿಂದ ರೋಲರ್ ಒತ್ತಿ ಕಿವಿ ಮುಟ್ಟಿ ನೋಡುವುದು ನನಗೆ ಚಟವಾಯಿತು. ಆ ವರ್ಷಗಳಲ್ಲಿ ನನ್ನ ಕಿವಿ ಬೆಳ್ಳಗಿದ್ದ ದಿನ ಭಾನುವಾರ ಮಾತ್ರ.

ನನ್ನ ಮೊದಲ ದೊಡ್ಡ ತಪ್ಪು ಆದದ್ದು ಸೇರಿದ ವರ್ಷದ ಮಳೆಗಾಲದಲ್ಲಿ. ಗೌಸ್ ಸಾಬರಿಗೆ ಜ್ವರ ಬಂದು ಎರಡು ದಿನ ಬಂದಿರಲಿಲ್ಲ. ಸಂಜೆ ರೋಲರುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿಡಬೇಕೆಂಬುದು ನಿಯಮ. ಡಬ್ಬದಲ್ಲಿ ಸೀಮೆಎಣ್ಣೆ ಮುಗಿದಿತ್ತು. ಹೊರಗೆ ಸೂರಿನಿಂದ ಧಾರಾಳ ನೀರು ಸುರಿಯುತ್ತಿತ್ತು. ನಾನು ಮೂರೂ ರೋಲರುಗಳನ್ನು ಅದರ ಕೆಳಗೆ ಹಿಡಿದು, ತಿಕ್ಕಿ ತೊಳೆದು, ಇನ್ನೂ ಚೊಕ್ಕಟವಾಗಲಿ ಎಂದು ಒದ್ದೆ ಬಟ್ಟೆ ಸುತ್ತಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಮೂರೂ ಊದಿಕೊಂಡು ಬಾಳೆದಿಂಡಿನ ಹಾಗಾಗಿದ್ದವು. ನನಗೆ ಸಂತೋಷವೇ ಆಯಿತು. ಮೊದಲಿಗಿಂತ ದಪ್ಪಗಿವೆ, ಹೊಸದರ ಹಾಗಿವೆ ಎಂದುಕೊಂಡೆ.

ಆವತ್ತಿನ ಕೆಲಸ ಲಿಂಗದಹಳ್ಳಿ ಕಡೆಯ ಒಬ್ಬ ಮರದ ವ್ಯಾಪಾರಿಯದು. ಗಾಳಿಗೆ ಬಿದ್ದ ಹಳೆಯ ಮರಗಳ ಹರಾಜು, ಬೇಕಾದವರು ಸ್ಥಳಕ್ಕೇ ಬಂದು ನೋಡಬಹುದು ಎಂಬ ಕರಪತ್ರ. ಬೇಗ ಬೇಕು ಎಂದಿದ್ದರು. ನಾನು ಖುಷಿಯಿಂದ ತುಳಿದು ಮುಗಿಸಿ ಕಟ್ಟು ಕಟ್ಟಿ ಕೊಟ್ಟೆ. ಬಸ್ ಸ್ಟ್ಯಾಂಡು, ಹೋಟೆಲ್ಲುಗಳ ಗೋಡೆಗೆಲ್ಲ ಅಂಟಿಸಿದರು.

ಊದಿದ ರೋಲರ್ ಮೊಳೆಗಳ ಮೇಲೆ ಭಾರ ಬಿಟ್ಟು ಉರುಳುತ್ತದೆ. ಮೆತ್ತಗಾದ ಮೈ ಅಕ್ಷರದೊಳಕ್ಕೆ ಇಳಿಯುತ್ತದೆ. ‘ರ’ ಅಕ್ಷರದ ಹೊಟ್ಟೆಯಲ್ಲಿ ಒಂದು ಚುಕ್ಕೆ ಮಸಿ ನಿಂತರೆ ಅದು ‘ಠ’. ಮರಗಳ ಹರಾಜು ಮಠಗಳ ಹಠಾಜು ಆಗಿತ್ತು. ಹಠಾಜನ್ನು ಜನ ತಿದ್ದಿಕೊಂಡು ಓದಿದರು. ಮಠವನ್ನು ಇದ್ದ ಹಾಗೇ ಓದಿದರು.

ಮಧ್ಯಾಹ್ನದ ಹೊತ್ತಿಗೆ ಕರಪತ್ರ ಹಿಡಿದುಕೊಂಡು ಇಬ್ಬರು ಹಿರಿಯರು ಬಂದರು. ಗಾಳಿಗೆ ಬಿದ್ದಿರುವುದು ಯಾವ ಮಠ, ಹರಾಜು ಹಾಕಲು ಅಪ್ಪಣೆ ಕೊಟ್ಟವರು ಯಾರು ಎಂದು ಗಂಭೀರವಾಗಿ ಕೇಳಿದರು. ಸೀತಮ್ಮನವರು ಕರಪತ್ರ ಓದಿ, ಕನ್ನಡಕ ತೆಗೆದು, ಎದ್ದು ಬಂದು ರೋಲರ್ ಮುಟ್ಟಿ ನೋಡಿ, ವಾಪಸ್ಸು ಹೋಗಿ ಕೂತರು.

“ಯಾವ ಮಠವೂ ಬಿದ್ದಿಲ್ಲ. ನಮ್ಮ ಈಶ್ವರ ನೀರು ಕುಡಿಸಿದ್ದಾನೆ, ಅದರಿಂದ ಹಿಂಗಾಗಿದೆ” ಎಂದು ನನ್ನ ಕಡೆ ಕೈ ತೋರಿಸಿದರು.

ರೋಲರಿಗೆ ಎನ್ನುವ ಮಾತನ್ನು ಅವರು ಸೇರಿಸಲಿಲ್ಲ. ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದರು. ಪ್ರೆಸ್ಸಿನಲ್ಲಿ ಕುಡಿಯುತ್ತಾರೆ, ಅದಕ್ಕೇ ಅಕ್ಷರ ಹಾಗೆ ಬಂದಿದೆ ಎಂಬ ಸುದ್ದಿ ಕಡೂರಿಗೆ ತಲುಪಲು ವಾರ ಹಿಡಿಯಲಿಲ್ಲ. ಅಪ್ಪ ಬಸ್ಸು ಹತ್ತಿ ಬಂದು, ಹತ್ತಿರ ನಿಂತು ನನ್ನ ಬಾಯಿ ಮೂಸಿ ನೋಡಿದರು. ಸೀಮೆಎಣ್ಣೆ ವಾಸನೆ ಬಂತೆಂದು ಇನ್ನೂ ಗಾಬರಿಯಾದರು. ಮರದ ವ್ಯಾಪಾರಿ ಮಾತ್ರ ಸಿಟ್ಟಾಗಲಿಲ್ಲ. ಹರಾಜಿಗೆ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲವಂತೆ.

ಬೇಸಿಗೆಯ ಕಷ್ಟ ಬೇರೆ ತರಹದ್ದು. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ಏರಿದ ಮೇಲೆ ಒಂದೇ ಸಮನೆ ತುಳಿದರೆ ರೋಲರಿನ ಮೈ ಬೆವರಿದ ಹಾಗಾಗಿ, ಆಮೇಲೆ ಕರಗಿ ಮೊಳೆಗಳ ಮೇಲೆ ಇಳಿಯುತ್ತಿತ್ತು. ಬೆಲ್ಲದ ವಾಸನೆಗೆ ಇರುವೆ ಸಾಲುಗಟ್ಟುತ್ತಿದ್ದವು. ಒಂದು ಸಲ ಹೆಗ್ಗಣವೊಂದು ನಡುವಿನ ರೋಲರಿನ ಕಾಲುಭಾಗ ತಿಂದು ಹೋಗಿತ್ತು. ಗೌಸ್ ಸಾಬರು ಸಿಟ್ಟಿನಿಂದ, ಕರಿ ಮೂತಿಯ ಹೆಗ್ಗಣ ಎಲ್ಲಿ ಕಂಡರೂ ಅದು ನಮ್ಮದೇ ಎಂದು ಅಕ್ಕಪಕ್ಕದ ಅಂಗಡಿಗಳಿಗೆ ಹೇಳಿಬಂದರು. ಅದಾದ ಮೇಲೆ ರೋಲರುಗಳನ್ನು ಅಡುಗೆಮನೆಯ ಬೆಣ್ಣೆಯ ಹಾಗೆ ನೆಲುವಿನಲ್ಲಿ ಇಟ್ಟು ಜಂತಿಗೆ ತೂಗುಹಾಕುತ್ತಿದ್ದೆವು.

ಗೌಸ್ ಸಾಬರು ಎಲ್ಲ ಕಲಿಸಿದರೂ ಪಾಕದ ಹದ ಮಾತ್ರ ಹೇಳಿಕೊಡಲಿಲ್ಲ. ಕದಡುವಾಗ ನನ್ನನ್ನು ದೂರ ನಿಲ್ಲಿಸಿ ತುಟಿಯಲ್ಲೇ ಏನೋ ಗುನುಗುತ್ತಿದ್ದರು. ನಾನು ಅದನ್ನು ಮಂತ್ರವೆಂದೇ ನಂಬಿದ್ದೆ. ಮೂರು ವರ್ಷವಾದ ಮೇಲೆ ಅವರಿಗೆ ಕಣ್ಣು ಮಂಜಾಗಿ, ಬೀರೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಮಗನ ಮನೆಗೆ ಹೊರಟರು. ಹೊರಡುವ ದಿನ ನನ್ನನ್ನು ಹಿತ್ತಲಿಗೆ ಕರೆದು ಕಿವಿಯಲ್ಲಿ ಆ ಮಂತ್ರ ಹೇಳಿದರು: ಬೀರೂರು, ಕಡೂರು, ದೇವನೂರು, ಬಾಣಾವರ, ಅರಸೀಕೆರೆ, ತಿಪಟೂರು. ಬೆಂಗಳೂರಿನ ಗಾಡಿಯ ಸ್ಟೇಷನ್ನುಗಳು. ಪ್ರೆಸ್ಸಿನ ಗಡಿಯಾರ ಹಿತ್ತಲಿಗೆ ಕಾಣುತ್ತಿರಲಿಲ್ಲವಾದ್ದರಿಂದ ಒಂದೊಂದು ಹೆಸರಿಗೆ ಇಪ್ಪತ್ತು ಸಲ ಕದಡುವ ಲೆಕ್ಕ ಇಟ್ಟುಕೊಂಡಿದ್ದರು. ಅರಸೀಕೆರೆಗೆ ಬೆಲ್ಲ, ತಿಪಟೂರಿಗೆ ಇಳಿಸು, ಗುಬ್ಬಿಗೆ ಹೋದರೆ ಕೆಟ್ಟೆ ಎಂದರು.

ಮಳೆಗಾಲದ ಸಂಕಟಕ್ಕೆ ಆ ಗಾಡಿಯ ದಾರಿಯಲ್ಲಿ ಯಾವ ಸ್ಟೇಷನ್ನೂ ಇರಲಿಲ್ಲ. ಕೆಮ್ಮಣ್ಣುಗುಂಡಿಯ ಗುಡ್ಡದಿಂದ ಮೋಡ ಇಳಿದು ನಿಂತರೆ, ನೀರು ಮುಟ್ಟಿಸದಿದ್ದರೂ ರೋಲರ್ ಗಾಳಿಯ ತೇವವನ್ನೇ ಎಳೆದುಕೊಂಡು ಊದುತ್ತಿತ್ತು. ಪ್ರತಿ ವರ್ಷ ಹೆಚ್ಚುಕಮ್ಮಿ ಎರಡು ತಿಂಗಳು ಮಷಿನ್ ನಿಲ್ಲುತ್ತಿತ್ತು. ಸೀತಮ್ಮನವರ ಮೈದುನ ವೆಂಕಟೇಶಯ್ಯನವರಿಗೆ ಇದೇ ಸಾಕಾಯಿತು. ಅವರು ಶಿವಮೊಗ್ಗದಿಂದ ಬಂದು, ಹೆಂಗಸರು ಪ್ರೆಸ್ಸು ನಡೆಸುವುದು ಸಾಕು, ಮಷಿನ್ ಮಾರಿ ಮನೆಯನ್ನು ಗೋದಾಮಿಗೆ ಬಾಡಿಗೆ ಕೊಡೋಣ ಎಂದು ಕೂತರು. ಮನೆಯಲ್ಲಿ ಅರ್ಧ ಅವರ ಭಾಗ. ಸೀತಮ್ಮನವರು ಜಗಳವಾಡಲಿಲ್ಲ. ಈ ಮಳೆಗಾಲ ಒಂದು ದಿನವೂ ಮಷಿನ್ ನಿಲ್ಲದಿದ್ದರೆ ಪ್ರೆಸ್ಸು ಉಳಿಯಲಿ, ನಿಂತರೆ ನಿನ್ನ ಇಷ್ಟ ಎಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಈಶ್ವರ, ಮಾತು ಕೊಟ್ಟಿದ್ದೀನಿ ಕಣಪ್ಪ. ಏನು ಮಾಡ್ತೀಯೋ ಮಾಡು.”

ಆಗ ಮೇ ತಿಂಗಳ ಕೊನೆ. ನನಗೆ ತೋಚಿದವರು ಒಬ್ಬರೇ, ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಪುಟ್ಟಸ್ವಾಮಿ ಮೇಷ್ಟ್ರು. ನನಗೂ ಪಾಠ ಹೇಳಿದ್ದವರು. ಒಂದು ತುಂಡು ರೋಲರನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ಯಾವುದೋ ಮದುವೆಯ ಹಲ್ವ ಎಂದು ತಿಳಿದು ತಟ್ಟೆ ತಂದರು. ಸತ್ಯ ಹೇಳಿದ ಮೇಲೆ ತಟ್ಟೆಯನ್ನು ಎರಡು ಸಲ ತೊಳೆದರು.

ಮೇಷ್ಟ್ರು ತುಂಡನ್ನು ಹಿಗ್ಗಿಸಿ, ಒತ್ತಿ, ಲೋಟದ ನೀರಿಗೆ ಹಾಕಿ, ಜಂತಿಗೆ ನೇತುಹಾಕಿದ್ದ ಹಗ್ಗದ ನೆಲುವು ತೋರಿಸಿದರು.

“ಸರೇಸು ಅಂದ್ರೆ ಕಣ್ಣಿಗೆ ಕಾಣದ ಉದ್ದುದ್ದ ದಾರ ಕಣೋ. ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದು ಆ ನೆಲುವಿನ ಥರ ಬಲೆ ಆಗಿರುತ್ತೆ. ಬಲೆಯ ಕಣ್ಣಲ್ಲಿ ನೀರು ಕೂತಿರುತ್ತೆ. ಗಂಟು ಕಮ್ಮಿ ಇದ್ರೆ ಬಲೆ ಹಿಗ್ಗುತ್ತೆ, ನೀರು ಜಾಸ್ತಿ ಸೇರುತ್ತೆ, ಮೈ ಮೆತ್ತಗಾಗುತ್ತೆ. ಗಂಟು ಜಾಸ್ತಿ ಹಾಕಿದ್ರೆ ಹಿಗ್ಗಕ್ಕೆ ಆಗಲ್ಲ, ನೀರಿಗೆ ಜಾಗ ಇಲ್ಲ, ಗಟ್ಟಿಯಾಗುತ್ತೆ. ತೀರಾ ಜಾಸ್ತಿ ಆದ್ರೆ ಬಗ್ಗೋದೇ ಇಲ್ಲ, ಸೀಳಿಹೋಗುತ್ತೆ.”

ಈಗ ಇರುವುದು ಬಿಸಿಗೆ ಬಿಚ್ಚಿಕೊಳ್ಳುವ ಸಡಿಲ ಗಂಟು, ಅದಕ್ಕೇ ಬೇಸಿಗೆಯಲ್ಲಿ ಕರಗುತ್ತದೆ ಎಂದೂ, ಬಿಸಿಗೂ ಬಿಚ್ಚದ ಗಂಟು ಹಾಕಲು ಫಾರ್ಮಲಿನ್ ಬೇಕು ಎಂದೂ ಹೇಳಿದರು. ಶಾಲೆಯಲ್ಲಿ ಕಪ್ಪೆ ಕೆಡದ ಹಾಗೆ ಇಡುವ ಔಷಧಿ ಅದು. ಒಂದು ಸಣ್ಣ ಸೀಸೆ ಕೊಟ್ಟು, ಹನಿ ಲೆಕ್ಕದಲ್ಲಿ ಹಾಕು, ಮೊದಲು ನೀರಲ್ಲಿ ಬೆರೆಸು ಎಂದು ಎಚ್ಚರಿಸಿದರು. ಅವರು ಹೇಳಿದ ಅಷ್ಟೂ ವಿಜ್ಞಾನ ನನಗೆ ಅರ್ಥವಾಯಿತು. ಹನಿ ಎಂಬುದೊಂದು ತಲೆಗೆ ಹೋಗಲಿಲ್ಲ. ಇಡೀ ಮಳೆಗಾಲವನ್ನು ತಡೆಯಬೇಕಾದ ಔಷಧಿಗೆ ಹನಿ ಏನು ಸಾಕಾದೀತು ಎಂದುಕೊಂಡು, ಪಾಕ ತಿಪಟೂರಿಗೆ ಬಂದ ಕೂಡಲೇ ಅರ್ಧ ಸೀಸೆ ಸುರಿದೆ.

ಕದಡುತ್ತಿದ್ದ ಸೌಟು ಕೈಯಲ್ಲೇ ನಿಂತಿತು. ಎಳೆದರೆ ಸೌಟಿನ ಜೊತೆ ಪಾತ್ರೆಯೂ ಎದ್ದು ಬಂತು. ಕರಗಿಸೋಣವೆಂದು ಬೆಂಕಿ ಜೋರು ಮಾಡಿದೆ. ಸಂಜೆಯವರೆಗೆ ಸೌದೆ ಉರಿದರೂ ಅದು ಕರಗಲಿಲ್ಲ. ಮೇಷ್ಟ್ರು ಹೇಳಿದ ಬಿಚ್ಚದ ಗಂಟು ಎಂದರೆ ಏನೆಂದು ಅಲ್ಲಿ ಕಣ್ಣಾರೆ ಕಂಡೆ. ಪಾತ್ರೆ ಸೀತಮ್ಮನವರ ತಾಯಿಮನೆಯ ಸಣ್ಣ ತಾಮ್ರದ ಹಂಡೆ. ಅವರು ಬಂದು ನೋಡಿದರು, ಸೌಟು ಹಿಡಿದು ಒಂದು ಸಲ ಎತ್ತಿದರು, ಇಳಿಸಿದರು. ಇದನ್ನು ವೆಂಕಟೇಶ ನೋಡದ ಹಾಗೆ ಇಡು ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಎರಡನೆಯ ಸಲ ಪಾಕಕ್ಕೆ ಹಾಕದೆ, ತಯಾರಾದ ರೋಲರಿನ ಮೈಗೆ ಫಾರ್ಮಲಿನ್ ಹಚ್ಚಿದೆ. ಹೊರಗೆ ಎತ್ತಿನ ಕೊಂಬಿನ ಹಾಗಾಯಿತು. ನೀರೂ ಹಿಡಿಯಲಿಲ್ಲ, ಮಸಿಯೂ ಹಿಡಿಯಲಿಲ್ಲ. ಒತ್ತಿದಾಗ ಮೇಲುಮೈ ಬಿರುಕುಬಿಟ್ಟು ಮೊಸಳೆಯ ಚರ್ಮವಾಯಿತು. ಆಮೇಲೆ ಬುದ್ಧಿ ಬಂತು. ಒಂದು ಚೊಂಬು ನೀರಿಗೆ ಇಷ್ಟು ಹನಿ ಎಂದು ಬರೆದಿಟ್ಟುಕೊಂಡು, ಒಂದೊಂದು ಹನಿ ಹೆಚ್ಚಿಸುತ್ತ, ತುಂಡುಗಳಿಗೆ ಒರೆಸಿ, ಒಣಗಿಸಿ, ನೀರಲ್ಲಿ ನೆನೆಸಿ, ಎಷ್ಟು ಊದಿತೆಂದು ದಾರ ಸುತ್ತಿ ಅಳೆದು, ಕಿವಿ ಮುಟ್ಟಿ ನೋಡಿದೆ. ಹೈಸ್ಕೂಲಿನಲ್ಲಿ ಇಷ್ಟು ಓದಿದ್ದರೆ ಪಾಸಾಗುತ್ತಿದ್ದೆ. ಕೊನೆಗೂ ಒಂದು ಹದ ಸಿಕ್ಕಿತು. ಮೈ ಕಿವಿಯಷ್ಟೇ ಮೆತ್ತಗೆ, ಅಂಟೂ ಇದೆ, ನೆನೆಸಿದರೆ ಒಂದಿಷ್ಟು ಊದಿ ಅಲ್ಲಿಗೇ ನಿಲ್ಲುತ್ತದೆ.

ಜೂನ್ ಪೂರ್ತಿ ಸಣ್ಣಪುಟ್ಟ ಕೆಲಸ ಸಾಗಿತು. ಜುಲೈನಲ್ಲಿ, ಮಳೆ ಒಂದು ವಾರದಿಂದ ಬಿಡದೆ ಸುರಿಯುತ್ತಿದ್ದಾಗ, ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಮಲ್ಲಪ್ಪನವರು ಮಗಳ ಮದುವೆಯ ಕರೆಯೋಲೆಗೆ ಬಂದರು. ಹುಡುಗನಿಗೆ ರಜೆ ಇಲ್ಲವೆಂದು ಅವಸರದಲ್ಲಿ ಗೊತ್ತಾದ ಮದುವೆ. ಮೂರು ದಿನದಲ್ಲಿ ಬೇಕು. ಅವರು ಬಂದ ಹೊತ್ತಿಗೆ ನಾನು ಮಳೆಯ ತೇವ ಒಳಗೆ ಬಾರದಂತೆ ಕಿಟಕಿ ಬಾಗಿಲು ಹಾಕಿಕೊಂಡು ರೋಲರುಗಳಿಗೆ ಫಾರ್ಮಲಿನ್ ಒರೆಸುತ್ತಿದ್ದೆ. ಅದರ ಘಾಟು ಈರುಳ್ಳಿಯನ್ನು ಮೀರಿಸುವಂಥದ್ದು. ಸೀತಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಮೊಳೆ ಜೋಡಿಸುತ್ತಿದ್ದ ಹುಡುಗರಿಬ್ಬರೂ ಮೂಗು ಎಳೆದುಕೊಳ್ಳುತ್ತ ಅಳುತ್ತಿದ್ದರು. ನನ್ನ ಕೆನ್ನೆಯ ಮೇಲೆ ಕರಿ ಕಣ್ಣೀರು ಇಳಿಯುತ್ತಿತ್ತು. ಮಲ್ಲಪ್ಪನವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಛತ್ರಿ ಮಡಿಸಿ, ತಲೆಯ ಮೇಲಿನ ಟೋಪಿ ತೆಗೆದು ನಿಂತರು.

“ಯಾರು ಹೋದ್ರಮ್ಮಾ?” ಎಂದು ಮೆಲ್ಲಗೆ ಕೇಳಿದರು.

ಯಾರೂ ಹೋಗಿಲ್ಲ, ಇದು ರೋಲರಿನ ಔಷಧಿ ಎಂದು ಸೀತಮ್ಮನವರು ಅಳುತ್ತಲೇ ವಿವರಿಸಿದರು. ಅವರು ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, ಹುಡುಗಿಯ ಹೆಸರು ಸರೋಜ, ಹುಡುಗನ ಹೆಸರು ರುದ್ರೇಶ, ಎರಡರಲ್ಲೂ ‘ರ’ ಇದೆ, ನಿಮ್ಮ ಮಠದ ಹರಾಜಿನ ವಿಷಯ ಅಜ್ಜಂಪುರಕ್ಕೂ ಬಂದಿದೆ, ಸ್ವಲ್ಪ ನೋಡಿಕೊಂಡು ಮಾಡಿ ಎಂದು ಕೈಮುಗಿದರು.

ಅಚ್ಚು ಹಾಕುವ ದಿನ ವೆಂಕಟೇಶಯ್ಯನವರೂ ಶಿವಮೊಗ್ಗದ ಗಾಡಿಯಲ್ಲಿ ಬಂದಿಳಿದರು. ಗೋದಾಮು ಕೇಳುತ್ತಿದ್ದವರನ್ನು ಜೊತೆಗೇ ಕರೆತಂದಿದ್ದರು. ಗೋಡೆಯಲ್ಲಿ ನೀರು ಜಿನುಗುತ್ತಿತ್ತು, ಉಪ್ಪಿನ ಡಬ್ಬಿಯೊಳಗಿನ ಉಪ್ಪೆಲ್ಲ ನೀರಾಗಿದೆ ಎಂದು ಒಳಗಿನಿಂದ ಸೀತಮ್ಮನವರು ಹೇಳುತ್ತಿದ್ದರು. ನಾನು ಮೊದಲ ಹಾಳೆ ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಒಳಗಿನಿಂದ ಬಂದು, ಪೂರ್ತಿ ಓದದೆ, ‘ರ’ಗಳನ್ನು ಮಾತ್ರ ಹುಡುಕಿ ಒಂದೊಂದರ ಮೇಲೂ ಬೆರಳಿಟ್ಟರು. ಸರೋಜ ಸರೋಜಳಾಗಿಯೇ ಇದ್ದಳು. ರುದ್ರೇಶನೂ ಸರಿಯಿದ್ದ.

ತುಳಿಯಲು ಶುರುಮಾಡಿದೆ. ನೂರು, ಇನ್ನೂರು, ಮುನ್ನೂರು. ವೆಂಕಟೇಶಯ್ಯನವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮಷಿನ್ ನಿಲ್ಲುವುದನ್ನು ಕಾಯುತ್ತಿದ್ದರು. ನನ್ನ ಕಾಲು ಕಟ್ಟಿಹೋಗಿದ್ದವು, ಆದರೆ ನಿಲ್ಲಿಸಿದರೆ ನಿಂತಿತು ಎಂದು ಬರೆದುಕೊಳ್ಳುತ್ತಾರೆಂಬ ಭಯ. ಊಟದ ಹೊತ್ತಿಗೂ ಇಳಿಯಲಿಲ್ಲ. ಸೀತಮ್ಮನವರು ರಾಗಿಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ, ನಿಂತೇ ನನ್ನ ಬಾಯಿಗೆ ಹಾಕಿದರು. ಯಜಮಾನಿ ಕೆಲಸದವನಿಗೆ ಉಣಿಸುವುದು ನೋಡಿ ಗೋದಾಮಿನವರು ಮುಖ ತಿರುಗಿಸಿದರು. ಮಧ್ಯಾಹ್ನ ಮೂರರ ಹೊತ್ತಿಗೆ ವೆಂಕಟೇಶಯ್ಯನವರು ಎದ್ದು ಬಂದು, ಈ ರೋಲರ್ ಬೆಂಗಳೂರಿನಿಂದ ತರಿಸಿದ್ದೇ ಎಂದು ಕೇಳಿದರು. ಹಿತ್ತಲಲ್ಲಿ ಮಾಡಿದ್ದು ಎಂದೆ. ಸ್ವಲ್ಪ ಹೊತ್ತು ಉರುಳುವುದನ್ನು ನೋಡಿ, ಅತ್ತಿಗೆಯ ಮುಂದೆ ಹೋಗಿ ನಿಂತರು.

“ಆಯ್ತು ಅತ್ತಿಗೆ. ನಡೆಸ್ಕೊಳ್ಳಿ” ಎಂದರು.

ಅತ್ತಿಗೆ ಪ್ರೂಫಿನಿಂದ ತಲೆ ಎತ್ತದೆ, ಕಾಫಿ ಕುಡಿದು ಹೋಗು ಎಂದರು. ಆಗಲೂ ಅವರ ಕಣ್ಣಲ್ಲಿ ನೀರಿತ್ತು. ಆವತ್ತು ನಾವು ಫಾರ್ಮಲಿನ್ ಸೀಸೆ ತೆರೆದೇ ಇರಲಿಲ್ಲ.

ಸುದ್ದಿ ಕೇಳಿ ಗೌಸ್ ಸಾಬರು ಬೀರೂರಿನಿಂದ ಬಂದರು. ಕಣ್ಣು ಕಾಣದಿದ್ದರೂ ಹೆಬ್ಬೆರಳಿಗೆ ಎಲ್ಲ ಗೊತ್ತಾಗುತ್ತಿತ್ತು. ಮೂರೂ ರೋಲರುಗಳನ್ನು ಉದ್ದಕ್ಕೂ ಒತ್ತಿ ನೋಡಿ, ಇದನ್ನು ಯಾವ ಸ್ಟೇಷನ್ನಿನಲ್ಲಿ ಇಳಿಸಿದೆ ಎಂದು ಕೇಳಿದರು. ತಿಪಟೂರಿನಲ್ಲೇ, ಆಮೇಲೆ ಬೇರೆ ಗಾಡಿ ಹತ್ತಿಸಿದೆ ಎಂದೆ. ಕಪ್ಪೆಯ ಔಷಧಿಯ ವಿಷಯ ಹೇಳಿದಾಗ ಮುಖ ಸಣ್ಣದಾಯಿತು. ನಲವತ್ತು ವರ್ಷ ಮಳೆಗಾಲದಲ್ಲಿ ಬೈಸಿಕೊಂಡವರು ಅವರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಹನಿಯ ಲೆಕ್ಕ ಯಾರಿಗೂ ಹೇಳಬೇಡ ಎಂದರು. ನಾನು ಮಾರನೆಯ ವಾರವೇ ಬೀರೂರಿನ ಇನ್ನೊಂದು ಪ್ರೆಸ್ಸಿನವರಿಗೆ ಹೇಳಿಕೊಟ್ಟೆ. ಅವರ ಕಷ್ಟವೂ ನಮ್ಮದೇ ಆಗಿತ್ತು. ಕಿರಿಯರಿಗೆ ನನ್ನದೊಂದೇ ಬುದ್ಧಿಮಾತು: ಕಲಿತದ್ದನ್ನು ಹೇಳಿಕೊಡಿ, ಆದರೆ ಅರ್ಧ ಸೀಸೆ ಸುರಿದ ಕಥೆಯನ್ನೂ ಸೇರಿಸಿ ಹೇಳಿ. ಇಲ್ಲದಿದ್ದರೆ ಇನ್ನೊಂದು ಹಂಡೆ ಹಾಳಾಗುತ್ತದೆ.

ಅರವತ್ತರ ದಶಕದ ಕೊನೆಗೆ ಬೆಂಗಳೂರಿನಿಂದ ರಬ್ಬರ್ ರೋಲರ್ ಬಂತು. ನೀರು ಕುಡಿಯುವುದಿಲ್ಲ, ಕರಗುವುದಿಲ್ಲ, ಇರುವೆ ಮೂಸುವುದೂ ಇಲ್ಲ. ಆ ವರ್ಷ ಮೊದಲ ಜೋರು ಮಳೆ ಶುರುವಾದಾಗ ನಾನು ಅಭ್ಯಾಸದಂತೆ ಎದ್ದು ಕಿಟಕಿ ಹಾಕಲು ಓಡಿದೆ. ಸೀತಮ್ಮನವರು ಕೂತಲ್ಲಿಂದಲೇ, ಈಗ್ಯಾಕೆ ಹಾಕುತ್ತೀ, ಬಿಡು ಎಂದರು. ನಿಜ, ಹಾಕಬೇಕಾದ ಕಾರಣ ಇರಲಿಲ್ಲ. ನನಗೆ ಮಾಡಲು ಏನೂ ಉಳಿದಿರಲಿಲ್ಲ. ಅವರು ತಮ್ಮ ಪಕ್ಕದ ಸ್ಟೂಲನ್ನು ಕಾಲಿನಿಂದ ಬಾಗಿಲ ಕಡೆಗೆ ಸರಿಸಿದರು. ನಾನು ಅದರ ಮೇಲೆ ಕೂತೆ. ಎದುರಿನ ಬೀದಿಯಲ್ಲಿ ನೀರು ಕೆಂಪಗೆ ಹರಿದು ಹೋಗುತ್ತಿತ್ತು. ಪ್ರೆಸ್ಸಿಗೆ ಸೇರಿದ ಮೇಲೆ ಬೈಯದೆ ನೋಡಿದ ಮೊದಲ ಮಳೆ ಅದು. ಬಹಳ ಚೆನ್ನಾಗಿತ್ತು.